ಕೀಲೆಣ್ಣೆಯಿಂದ ಟರ್ಬೊದವರೆಗೆ: ಬಿಸಿ ಎಣ್ಣೆಯ ಚರಿತ್ರೆ

ಗಾಡಿಗೆ ಎಣ್ಣೆ ಯಾಕೆ ಹಾಕುತ್ತಾರೆ ಎಂದು ತರಗತಿಯಲ್ಲಿ ಕೇಳಿ ನೋಡಿ. "ಸವೆಯಬಾರದು ಅಂತ ಸಾರ್" ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಎಣ್ಣೆಗೆ ಇನ್ನೊಂದು ಕೆಲಸವಿದೆ. ಹುಟ್ಟಿದ ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದೂ ಅದರದೇ ಕೆಲಸ. ಯಂತ್ರಗಳ ವೇಗ ಹೆಚ್ಚಿದಂತೆಲ್ಲ ಈ ಎರಡನೆಯ ಕೆಲಸವೇ ದೊಡ್ಡದಾಗುತ್ತ ಬಂದಿದೆ.

ಈ ವಿಷಯ ನಮಗೆ ಯಾಕೆ ಬೇಕು ಎನ್ನಬೇಡಿ. ಮದ್ದಿಕೇರದಿಂದ ಪೂರ್ವಕ್ಕೆ ಹೋದರೆ ಡೋಣ್, ಗುತ್ತಿ ಊರುಗಳನ್ನು ಹಾದುಹೋಗುವ ಹೈದರಾಬಾದ್–ಬೆಂಗಳೂರು ಹೆದ್ದಾರಿ ಸಿಗುತ್ತದೆ. ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ, ಆದೋನಿ, ಬಳ್ಳಾರಿ, ಬೆಂಗಳೂರುಗಳಲ್ಲಿ ಕಾರು ಓಡಿಸಿ ಸಂಸಾರ ನಡೆಸುವ ಹುಡುಗರಿದ್ದಾರೆ. ಇವತ್ತಿನ ಡೀಸೆಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಟರ್ಬೊ ಕಾರುಗಳೇ. ಪೆಟ್ರೋಲಿನಲ್ಲೂ ಟರ್ಬೊ ಬಂದಿದೆ. ಟರ್ಬೊ ಕೆಟ್ಟರೆ ಬಾಡಿಗೆ ಓಡಿಸುವವನ ಎಷ್ಟೋ ದಿನಗಳ ದುಡಿಮೆ ಅಲ್ಲಿಗೇ ಹೋಯಿತು. ಹೇಗೆ ಕಾಪಾಡಬೇಕೆಂದು ಹೇಳುವ ಪುಸ್ತಕವೋ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಮಲಗಿರುತ್ತದೆ. ಆದ್ದರಿಂದ ಈ ಚರಿತ್ರೆಯನ್ನು ಕನ್ನಡದಲ್ಲೇ ಒಮ್ಮೆ ನೋಡೋಣ.

ಬಂಡಿಯ ಕೀಲೆಣ್ಣೆ

ನಮ್ಮ ಹಿರಿಯರು ಎತ್ತಿನ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದುದು ಕೀಲೆಣ್ಣೆ. ಹುಲ್ಲು ಸುಟ್ಟ ಮಸಿಯನ್ನು ಔಡಲ ಎಣ್ಣೆಯಲ್ಲಿ ಕಲಸಿದರೆ ಕಪ್ಪನೆಯ, ಮಂದವಾದ ಕೀಲೆಣ್ಣೆ ಸಿದ್ಧ. ಔಡಲವೆಂದರೆ ಕೆಲವರ ಹರಳು, ತೆಲುಗಿನವರ ಆಮುದಂ. ಕರ್ನೂಲು, ರಾಯಚೂರು ಸೀಮೆಯ ಮಳೆ ಕಡಿಮೆಯ ಹೊಲಗಳಿಗೆ ಇದು ಹಳೆಯ ಪರಿಚಯದ ಬೆಳೆ. ಬಂಡಿ ಗಂಟೆಗೆ ನಾಲ್ಕೈದು ಕಿಲೋಮೀಟರು ನಡೆಯುತ್ತಿತ್ತು. ಹುಟ್ಟುವ ಬಿಸಿ ಅಲ್ಪ, ಗಾಳಿಗೇ ಆರಿಹೋಗುತ್ತಿತ್ತು. ಹಾಗಾಗಿ ಅಲ್ಲಿ ಎಣ್ಣೆಗೆ ಒಂದೇ ಕೆಲಸ: ಸವೆತ ತಡೆಯುವುದು.

ರೈಲು ಬಂದಾಗ

1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಗುತ್ತಿ, ಗುಂತಕಲ್ಲು, ಆದೋನಿ ಈ ದಾರಿಯ ನಿಲ್ದಾಣಗಳಾದವು. ಮುಂದೆ ಗುಂತಕಲ್ಲಿನಿಂದ ಡೋಣ್ ಕಡೆಗೆ ಮೀಟರ್ ಗೇಜ್ ಹಳಿ ಬಂದಾಗ ಮದ್ದಿಕೇರಕ್ಕೂ ರೈಲು ಬಂತು.

ರೈಲಿನ ಜೊತೆಗೇ ಒಂದು ಹೊಸ ರೋಗವೂ ಬಂತು. ಅದೇ "ಹಾಟ್ ಆಕ್ಸಲ್", ಅಂದರೆ ಕಾದ ಅಚ್ಚು. ಹಳೆಯ ಡಬ್ಬಿಗಳಲ್ಲಿ ಅಚ್ಚಿನ ತುದಿ ಒಂದು ಪೆಟ್ಟಿಗೆಯೊಳಗೆ ತಿರುಗುತ್ತಿತ್ತು. ಆ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ನೆನೆಸಿದ ನೂಲಿನ ತ್ಯಾಜ್ಯವನ್ನು ತುಂಬಿರುತ್ತಿದ್ದರು. ಎಣ್ಣೆ ಒಣಗಿದರೆ ಅಥವಾ ನೂಲು ಜಾರಿದರೆ ಅಚ್ಚು ಕಾಯುತ್ತಿತ್ತು. ಕಾದಷ್ಟೂ ಎಣ್ಣೆ ತೆಳುವಾಗುತ್ತಿತ್ತು, ತೆಳುವಾದಷ್ಟೂ ಮತ್ತೆ ಕಾಯುತ್ತಿತ್ತು. ಕೊನೆಗೆ ಬೇರಿಂಗಿನ ಮೆತ್ತನೆಯ ಲೋಹ ಕರಗಿ, ಅಚ್ಚು ಮುರಿದು, ಗಾಡಿಯೇ ಹಳಿ ತಪ್ಪುವ ಅಪಾಯವಿತ್ತು. ರೈಲು ನಿಂತಾಗ ಸಿಬ್ಬಂದಿ ಗಾಲಿಗಳ ಪಕ್ಕದಲ್ಲೇ ನಡೆಯುತ್ತ ಪೆಟ್ಟಿಗೆಯ ಹತ್ತಿರ ಕೈ ಹಿಡಿದು ಬಿಸಿ ನೋಡುತ್ತಿದ್ದರು, ಸುಟ್ಟ ವಾಸನೆ ಮೂಸುತ್ತಿದ್ದರು. ಇಂದು ರೋಲರ್ ಬೇರಿಂಗು ಬಂದಿದೆ, ಮುಟ್ಟದೆಯೇ ಬಿಸಿ ಅಳೆಯುವ ಉಪಕರಣ ಬಂದಿದೆ. ಆದರೆ ನೋಡುವುದು ಅದನ್ನೇ: ಕೀಲು ಎಷ್ಟು ಕಾದಿದೆ?

ಎಣ್ಣೆಯ ಗುಟ್ಟು ವಿಜ್ಞಾನಕ್ಕೆ ತಿಳಿದದ್ದೂ ರೈಲಿನ ಅಚ್ಚಿನಿಂದಲೇ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರು ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಬೇರಿಂಗಿಗೆ ಕೊರೆದ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರು, ಅದನ್ನೂ ಎಣ್ಣೆ ತಳ್ಳಿಹಾಕಿತು. ಮರದ ಬೆಣೆ ಬಡಿದರು, ಅದೂ ಹೊರಬಂತು! ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಸಮೀಕರಣ ಕೊಟ್ಟರು. ಅದರ ಸಾರ ಇಷ್ಟೇ: ಲೋಹ ಲೋಹವನ್ನು ಮುಟ್ಟದಂತೆ ಕಾಯುವುದು ಎಣ್ಣೆಯ ತೆಳು ಪದರ. ಆ ಪದರ ನಿಲ್ಲಬೇಕಾದರೆ ಎಣ್ಣೆಗೆ ಸಾಕಷ್ಟು ಮಂದತೆ ಇರಬೇಕು. ಬಿಸಿ ಹೆಚ್ಚಿದರೆ ಮಂದತೆ ಇಳಿಯುತ್ತದೆ.

ಆಕಾಶಕ್ಕೆ ಏರಿದ ಔಡಲ

ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಔಡಲ ಎಣ್ಣೆಗೆ ರೆಕ್ಕೆ ಬಂತು. ಆಗಿನ ಎಷ್ಟೋ ವಿಮಾನಗಳ ಎಂಜಿನ್ನಿನಲ್ಲಿ ಸಿಲಿಂಡರುಗಳೇ ಗರಗರ ತಿರುಗುತ್ತಿದ್ದವು. ಒಳಗೆ ಪೆಟ್ರೋಲಿನ ಸಂಪರ್ಕಕ್ಕೆ ಬಂದರೂ ಔಡಲ ಎಣ್ಣೆ ಅದರಲ್ಲಿ ಸುಲಭವಾಗಿ ಕರಗುತ್ತಿರಲಿಲ್ಲ, ಬಿಸಿಯಲ್ಲೂ ಪದರ ಬಿಡುತ್ತಿರಲಿಲ್ಲ. ಆದ್ದರಿಂದ ಅದನ್ನೇ ಬಳಸಿದರು. 1909ರಲ್ಲಿ ಹುಟ್ಟಿದ "ಕ್ಯಾಸ್ಟ್ರಾಲ್" ಎಂಬ ಹೆಸರಿನ ಮೂಲವೂ ಔಡಲದ ಇಂಗ್ಲಿಷ್ ಹೆಸರು "ಕ್ಯಾಸ್ಟರ್" ಎಂಬುದೇ. ಬಂಡಿಯ ಕೀಲಿಗೂ ವಿಮಾನದ ಎಂಜಿನ್ನಿಗೂ ಒಂದೇ ಬೀಜದ ಎಣ್ಣೆ!

ಆದರೆ ಔಡಲಕ್ಕೆ ಒಂದು ದೋಷವಿತ್ತು. ಹೆಚ್ಚು ಹೊತ್ತು ಕಾದರೆ ಅದು ಗೋಂದಿನಂತೆ ಅಂಟಾಗುತ್ತಿತ್ತು. ಅಡುಗೆಮನೆಯಲ್ಲಿ ಎಣ್ಣೆ ಕಾದು ಕಾದು ಬಾಣಲೆಯ ಅಂಚಿಗೆ ಕಂದು ಜಿಡ್ಡು ಕಟ್ಟುವುದಿಲ್ಲವೇ, ಹಾಗೆ. ಭೂಮಿಯಿಂದ ತೆಗೆದ ಎಣ್ಣೆ, ಆಮೇಲೆ ಕಾರ್ಖಾನೆಯಲ್ಲಿ ತಯಾರಾದ ಸಿಂಥೆಟಿಕ್ ಎಣ್ಣೆ ಅದರ ಜಾಗಕ್ಕೆ ಬಂದವು. ಇವು ಹೆಚ್ಚು ತಾಳುತ್ತವೆ ನಿಜ, ಆದರೆ ಇವಕ್ಕೂ ಮಿತಿ ಇದೆ. ಆ ಮಿತಿಯನ್ನು ಪರೀಕ್ಷೆಗೆ ಒಡ್ಡಿದ್ದು ಟರ್ಬೊ.

ಟರ್ಬೊ ಎಂದರೇನು?

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ವ್ಯರ್ಥವಾಗುತ್ತದೆ, ಅದರಿಂದಲೇ ಒಂದು ಚಕ್ರ ತಿರುಗಿಸಿ ಒಳಕ್ಕೆ ಹೆಚ್ಚು ಗಾಳಿ ತಳ್ಳಿದರೆ ಹೇಗೆ? 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದರು. ಅದು ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದಲ್ಲಿ ಜರ್ಮನಿಯ ಎರಡು ಹಡಗುಗಳ ಡೀಸೆಲ್ ಎಂಜಿನ್ನುಗಳು ಟರ್ಬೊದಿಂದಾಗಿ 1,750 ಅಶ್ವಶಕ್ತಿಯ ಜಾಗದಲ್ಲಿ 2,500 ಅಶ್ವಶಕ್ತಿ ಕೊಟ್ಟವು.

ನಮ್ಮ ಸೀಮೆಗೂ ಟರ್ಬೊ ಬಂದದ್ದು ಕಾರಿನಲ್ಲಿ ಅಲ್ಲ, ರೈಲಿನಲ್ಲಿ! ಅಮೆರಿಕದ ಆಲ್ಕೊ ವಿನ್ಯಾಸದ ಡೀಸೆಲ್ ಎಂಜಿನ್ನುಗಳು 1960ರ ದಶಕದಲ್ಲಿ ಭಾರತೀಯ ರೈಲ್ವೆಯಲ್ಲಿ ಹೆಚ್ಚಿದವು. 1964ರಿಂದ ವಾರಣಾಸಿಯಲ್ಲೇ ತಯಾರಾದವು. ಬ್ರಾಡ್ ಗೇಜಿನ ಡಬ್ಲ್ಯುಡಿಎಂ-2 ಎಂಜಿನ್ನಿಗೆ 16 ಸಿಲಿಂಡರು, 2,600 ಅಶ್ವಶಕ್ತಿ, ಒಂದು ದೊಡ್ಡ ಟರ್ಬೊ. ಗುತ್ತಿಯ ಡೀಸೆಲ್ ಶೆಡ್ಡಿನಲ್ಲಿ ಇಂಥ ಎಂಜಿನ್ನುಗಳನ್ನು ನೋಡಿಕೊಳ್ಳುತ್ತಿದ್ದರು. ಇಂಥ ಶೆಡ್ಡುಗಳಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ಎಂಜಿನ್ ನಿಲ್ಲಿಸಿದ ಮೇಲೆ ಟರ್ಬೊ ಚಕ್ರ ತಾನಾಗಿ ತಿರುಗಿ ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ಎಣಿಸುತ್ತಾರೆ. ಸುಮಾರು ಒಂದೂವರೆಯಿಂದ ಮೂರು ನಿಮಿಷ ತಿರುಗಿದರೆ ಬೇರಿಂಗು ಕ್ಷೇಮ. ಬೇಗ ನಿಂತರೆ ಒಳಗೆ ಏನೋ ಉಜ್ಜುತ್ತಿದೆ ಎಂದರ್ಥ. ಎಂಜಿನ್ ನಿಂತರೂ ಟರ್ಬೊ ಒಡನೆ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಿ.

ಕಾರಿಗೆ ಟರ್ಬೊ

1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಷೆವ್ರೊಲೆ ಕಾರ್ವೇರ್ ಎಂಬ ಕಾರುಗಳಿಗೆ ಟರ್ಬೊ ಹಾಕಿದರು. 1977ರಲ್ಲಿ ರೆನೊ ಕಂಪನಿ ಟರ್ಬೊ ಕಾರನ್ನು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿಸಿತು. ಅದು ಮತ್ತೆ ಮತ್ತೆ ಹೊಗೆ ಕಕ್ಕಿ ನಿಲ್ಲುತ್ತಿದ್ದುದರಿಂದ ಎದುರಾಳಿಗಳು "ಹಳದಿ ಟೀ ಕೆಟಲ್" ಎಂದು ನಗುತ್ತಿದ್ದರು. ಆದರೆ 1979ರಲ್ಲಿ ಫ್ರಾನ್ಸಿನ ಪಂದ್ಯವನ್ನು ಗೆದ್ದದ್ದು ರೆನೊ ಟರ್ಬೊ ಕಾರೇ! ಪೋರ್ಷೆ 911 ಟರ್ಬೊದಲ್ಲಿ ಎಣ್ಣೆ ತಣಿಸಲು ಬೇರೆ ರೇಡಿಯೇಟರು, ಅದರ ಬಿಸಿ ತೋರಿಸಲು ಬೇರೆ ಮುಳ್ಳು ಇದ್ದವು. ಭಾರತದಲ್ಲಿ 1998ರ ಟಾಟಾ ಸಫಾರಿ, 2002ರ ಸ್ಕಾರ್ಪಿಯೊ, 2007ರ ಸ್ವಿಫ್ಟ್ ಡೀಸೆಲ್ ಇವುಗಳಿಂದ ಟರ್ಬೊ ಹಳ್ಳಿಯ ರಸ್ತೆಗೂ ಬಂತು.

ಕಾರಿನ ಟರ್ಬೊ ಅಂಗೈಯಷ್ಟು ಚಿಕ್ಕದು. ಆದರೆ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದಕ್ಕೆ ತಗಲುವ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಚಕ್ರದ ಅಚ್ಚು ತೇಲುವುದು, ಟವರ್ ಕಂಡ ಅದೇ ಎಣ್ಣೆಯ ಪದರದ ಮೇಲೆ. ಓಡುವಾಗ ಎಣ್ಣೆ ಹರಿಯುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಜೋರಾಗಿ ಓಡಿಸಿ ಬಂದು ಥಟ್ಟನೆ ಕೀ ತಿರುಗಿಸಿದರೆ? ಪಂಪು ನಿಲ್ಲುತ್ತದೆ, ಎಣ್ಣೆ ಹರಿಯುವುದಿಲ್ಲ. ಚಕ್ರ ಇನ್ನೂ ಕ್ಷಣಕಾಲ ತಿರುಗುತ್ತಿರುತ್ತದೆ, ಲೋಹವಂತೂ ನಿಗಿನಿಗಿ. ನಿಂತ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಿನ ಹರಳಾಗುತ್ತದೆ. ಹಾಗೆ ಹಲವು ಸಲ ಆದರೆ ಎಣ್ಣೆಯ ದಾರಿ ಕಟ್ಟಿಕೊಂಡು ಟರ್ಬೊ ಸಾಯುತ್ತದೆ. ಇದನ್ನು ತಪ್ಪಿಸಲೆಂದೇ ಮುಂದೆ ಟರ್ಬೊ ಬೇರಿಂಗಿನ ಸುತ್ತ ನೀರು ಹರಿಸುವ ಪದ್ಧತಿ ಬಂತು. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ಆ ನೀರನ್ನು ತಿರುಗಿಸುತ್ತದೆ.

ಹಾಗಾದರೆ ಓಡಿಸುವವರು ಏನು ಮಾಡಬೇಕು?

ಮೊದಲು ಒಂದು ಲೆಕ್ಕ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80 ಕಿಲೋಮೀಟರು ವೇಗವನ್ನು 120ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು. 1.5ರ ಘನ ಸುಮಾರು 3.4. ಅಂದರೆ ಗಾಳಿಗಾಗಿ ಸುಡುವ ಶಕ್ತಿ ಮೂರು ಪಟ್ಟು ದಾಟಿತು! ಅದಕ್ಕೆ ತಕ್ಕಂತೆ ಬಿಸಿಯೂ ಏರುತ್ತದೆ. ಅದರ ಮೇಲೆ ನಮ್ಮ ಕರ್ನೂಲು ಸೀಮೆಯ 40 ಡಿಗ್ರಿ ಮೀರುವ ಬೇಸಿಗೆ ಬೇರೆ. ರಸ್ತೆಯ ಬೋರ್ಡು ಹೇಳುವ ವೇಗದೊಳಗೆ ಇದ್ದರೆ ಜೀವಕ್ಕೂ ಎಣ್ಣೆಗೂ ಒಳ್ಳೆಯದು.

ಹೊರಡುವಾಗ ಎಂಜಿನ್ನನ್ನು ಒದರಿಸಬೇಡಿ. ತಣ್ಣನೆಯ ಎಣ್ಣೆ ಮಂದವಾಗಿರುತ್ತದೆ. ಮೀಟರಿನಲ್ಲಿ ಕಾಣುವುದು ಸಾಮಾನ್ಯವಾಗಿ ನೀರಿನ ಬಿಸಿ, ಎಣ್ಣೆಯದಲ್ಲ. ಎಣ್ಣೆ ನೀರಿಗಿಂತ ನಿಧಾನವಾಗಿ ಕಾಯುತ್ತದೆ, ಆದ್ದರಿಂದ ಮೊದಲ ಕೆಲವು ಕಿಲೋಮೀಟರು ಸಾವಕಾಶವಾಗಿ ಹೋಗಿ.

ಓಡುವಾಗ, ಎಣ್ಣೆಯ ಬಿಸಿ ತೋರಿಸುವ ಕಾರಾದರೆ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಕ್ಷೇಮ. 130ರ ಹತ್ತಿರ ಬಂದರೆ ವೇಗ ಇಳಿಸಿ, ತುಸು ಹೊತ್ತು ಗಾಳಿಗೆ ಹಗುರವಾಗಿ ಓಡಲಿ. ಎಣ್ಣೆ ಡಬ್ಬಿಯ ಕೆಂಪು ದೀಪ ಬೇರೆ, ಅದು ಒತ್ತಡ ಬಿದ್ದುದರ ಸೂಚನೆ. ಅದು ಹತ್ತಿದರೆ ಮಾತ್ರ ಕಾಯಬೇಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೂಡಲೇ ಎಂಜಿನ್ ಆಫ್ ಮಾಡಿ.

ನಿಲ್ಲಿಸುವಾಗ ನಮ್ಮೂರ ಕುದುರೆಗಳನ್ನು ನೆನೆಯಿರಿ. ವಿಜಯದಶಮಿಗೆ ಮದ್ದಿಕೇರದಲ್ಲಿ ಯಾದವ ವಂಶಸ್ಥರ ಕುದುರೆ ಓಟ ನಡೆಯುತ್ತದೆ. ಕುದುರೆ ಬಲ್ಲವರು ನಾಗಾಲೋಟದಿಂದ ಬಂದ ಕುದುರೆಯನ್ನು ಒಡನೆ ಗೂಟಕ್ಕೆ ಕಟ್ಟುವುದಿಲ್ಲ, ನಿಧಾನ ನಡೆಸಿ ಬೆವರು ಆರಿಸುತ್ತಾರೆ. ಅಶ್ವಶಕ್ತಿಯ ಕಾರಿಗೂ ಅದೇ ನ್ಯಾಯ. ಕೊನೆಯ ಎರಡು ಮೂರು ಕಿಲೋಮೀಟರು ನಿಧಾನವಾಗಿ ಬಂದರೆ ಸಾಕು. ಹೆದ್ದಾರಿಯಿಂದ ನೇರವಾಗಿ ಡಾಬಾಕ್ಕೆ ತಿರುಗಿದರೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಮೇಲೆ ಕೀ ತೆಗೆಯಿರಿ.

ಎಣ್ಣೆಯ ಮಟ್ಟ ಕಡ್ಡಿಯ ಎರಡು ಗುರುತುಗಳ ನಡುವೆ ಇರಲಿ. ಕಡಿಮೆ ಎಣ್ಣೆ ಬೇಗ ಕಾಯುತ್ತದೆ, ಹೆಚ್ಚಾದರೆ ನೊರೆ ಕಟ್ಟುತ್ತದೆ. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ, ಹೇಳಿದ ಹೊತ್ತಿಗೆ ಬದಲಿಸಿ. 5ಡಬ್ಲ್ಯು-30 ಎಂದು ಬರೆದಿದ್ದರೆ, ಮೊದಲನೆಯದು ಚಳಿಯಲ್ಲಿನ ನಡತೆ, 30 ಎಂಬುದು 100 ಡಿಗ್ರಿ ಬಿಸಿಯಲ್ಲಿನ ಮಂದತೆಯ ದರ್ಜೆ.

ಶಿಕ್ಷಕ ಮಿತ್ರರು ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಗಾಜಿನ ನಳಿಕೆಗಳಲ್ಲಿ ಔಡಲ ಎಣ್ಣೆ ತುಂಬಿ, ಒಂದನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಇಡಿ. ಎರಡಕ್ಕೂ ಒಂದೊಂದು ಗಾಜಿನ ಮಣಿ ಬಿಡಿ. ಬಿಸಿಲಿನ ನಳಿಕೆಯಲ್ಲಿ ಮಣಿ ಬೇಗ ತಳ ಸೇರುತ್ತದೆ. ನಾಳೆ ಸ್ಟೇರಿಂಗ್ ಹಿಡಿಯುವ ಹುಡುಗ ಹುಡುಗಿಯರು ಆ ಮಣಿಯನ್ನು ನೆನಪಿಟ್ಟರೆ ಸಾಕು, ಟರ್ಬೊದ ಪಾಠ ಮುಗಿದಂತೆಯೇ.