ಬಾಡಿ ಇಳಿಸಿದಾಗ ಕಾಣುವ ಬಂಡಿ

ಬಳ್ಳಾರಿಯಿಂದ ಚಳ್ಳಕೆರೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ. ಇಲ್ಲಿ ರಸ್ತೆಯ ಬದಿ ನಿಂತವರ ಕಣ್ಣಿಗೆ ದಿನವಿಡೀ ಬೀಳುವುದು ಸರಕು ವಾಹನಗಳ ಸಾಲು. ಶೇಂಗಾ ಮೂಟೆ, ಈರುಳ್ಳಿ ಚೀಲ, ಕುರಿ, ಮೇವು... ಹೊರೆ ಯಾವುದೇ ಇರಲಿ, ಹೊತ್ತ ಪಿಕಪ್ ವಾಹನವನ್ನು ಪಕ್ಕದಿಂದ ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಚಾಲಕ ಕೂರುವ ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಬೆರಳು ತೂರುವಷ್ಟು ಸಂದು!

ಅದು ಕಾರ್ಖಾನೆಯವರ ಅಜಾಗರೂಕತೆಯಲ್ಲ. ಬೇಕೆಂದೇ ಬಿಟ್ಟ ಸಂದು. ಓಡುವ ಭಾಗ ಬೇರೆ, ಹೊರುವ ಭಾಗ ಬೇರೆ ಎಂಬ ತತ್ವದ ಗುರುತು ಅದು. ಈ ತತ್ವ ಮೋಟಾರಿನ ಜತೆ ಬಂದದ್ದೂ ಅಲ್ಲ. ಎತ್ತಿನ ಬಂಡಿಯ ಕಾಲದಿಂದ ನಮ್ಮ ಬಡಗಿ, ಕಮ್ಮಾರರಿಗೆ ಗೊತ್ತಿದ್ದದ್ದೇ.

ಅಚ್ಚಿನ ಮೇಲಿನ ಮನೆ

ಎತ್ತಿನ ಬಂಡಿಯಲ್ಲಿ ಎರಡು ಗಾಲಿ, ಅವನ್ನು ಜೋಡಿಸುವ ಅಚ್ಚು, ಗಾಲಿ ಕಳಚದಂತೆ ತಡೆಯುವ ಕಡೆಗೀಲು - ಇವು ಓಡುವ ಭಾಗ. ಅಚ್ಚಿನ ಮೇಲೆ ಕೂರಿಸಿ ಬಿಗಿದ ಮರದ ಚೌಕಟ್ಟು ಹೊರುವ ಭಾಗ. ಅಚ್ಚು ಸವೆದರೆ ಚೌಕಟ್ಟನ್ನು ಎತ್ತಿಟ್ಟು ಹೊಸದು ಹಾಕಬಹುದು. ಚೌಕಟ್ಟು ಮುರಿದರೆ ಗಾಲಿಗೆ ಧಕ್ಕೆಯಿಲ್ಲ. ಎಳೆಯುವ ಎತ್ತುಗಳನ್ನೂ ನೊಗದಿಂದ ಬಿಚ್ಚಿ ಬದಲಿಸಬಹುದು. ಹೀಗೆ ಒಂದೊಂದು ಭಾಗವೂ ಬೇರೆ ಬೇರೆಯಾಗಿದ್ದುದರಿಂದಲೇ ಬಂಡಿಯ ರಿಪೇರಿ ಊರಿನೊಳಗೇ ಮುಗಿಯುತ್ತಿತ್ತು. ವಚನಕಾರರಿಗೂ ಬಂಡಿಯ ಕಡೆಗೀಲು ಉಪಮೆಯಾಗಿ ಒದಗಿದೆ ಎಂದರೆ, ಈ ರಚನೆ ಜನರಿಗೆ ಎಷ್ಟು ಪರಿಚಿತವಾಗಿತ್ತು ಎಂಬುದನ್ನು ಊಹಿಸಬಹುದು.

ಸಾಗಾಣಿಕೆಯ ಈ ಚರಿತ್ರೆಯಲ್ಲಿ ಚಳ್ಳಕೆರೆ ಸೀಮೆಗೆ ತನ್ನದೇ ಪಾಲಿದೆ. ಮೈಸೂರು ಅರಸರ ಸೈನ್ಯದ ಸರಕು, ಫಿರಂಗಿಗಳನ್ನು ಎಳೆಯುವುದಕ್ಕೆಂದೇ ಬೆಳೆಸಿದ ತಳಿ ಅಮೃತಮಹಲ್. ಆ ರಾಸುಗಳಿಗಾಗಿ ಮೀಸಲಿಟ್ಟ ಕಾವಲುಗಳು ಈ ತಾಲ್ಲೂಕಿನಲ್ಲಿದ್ದವು. ಮುಂದೆ ಶೇಂಗಾ ಎಣ್ಣೆ ಗಿರಣಿಗಳಿಂದ ಚಳ್ಳಕೆರೆ ಎಣ್ಣೆಯ ಪೇಟೆಯೆಂದು ಹೆಸರಾದಾಗ, ಹೊರೆ ಎತ್ತಿನ ಹೆಗಲಿನಿಂದ ಲಾರಿಯ ಬೆನ್ನಿಗೆ ಏರಿತ್ತು.

ಮೈ ಇಲ್ಲದ ವಾಹನ

ಮೋಟಾರು ಲಾರಿ ಬಂದಾಗಲೂ ಹಳೆಯ ತತ್ವ ಬದಲಾಗಲಿಲ್ಲ. ಅಮೆರಿಕದ ಫೋರ್ಡ್ ಕಂಪೆನಿ 1917ರಲ್ಲಿ ಮಾಡೆಲ್ ಟಿಟಿ ಎಂಬ ಸರಕು ವಾಹನವನ್ನು ಮಾರುಕಟ್ಟೆಗೆ ತಂದಿತು. ಆಗ ಕೊಂಡವರಿಗೆ ಸಿಕ್ಕಿದ್ದು ಎಂಜಿನ್ ಮತ್ತು ಗಾಲಿಗಳಿದ್ದ ಚಾಸಿ ಮಾತ್ರ. ಬಾಡಿಯನ್ನು ಅವರವರೇ ಕಟ್ಟಿಸಿಕೊಳ್ಳಬೇಕಿತ್ತು. ಕಾರಿನ ಹಿಂಭಾಗಕ್ಕೆ ತೊಟ್ಟಿಯಂಥ ಬಾಡಿಯನ್ನು ಕಾರ್ಖಾನೆಯಲ್ಲೇ ಕೂರಿಸಿದ ಪಿಕಪ್ಪನ್ನು ಫೋರ್ಡ್ ಮಾರತೊಡಗಿದ್ದು 1925ರಲ್ಲಿ. ಬೆಲೆ 281 ಡಾಲರ್.

ಭಾರತದಲ್ಲಿ ಚಾಸಿ ಮಾರುವ ಪದ್ಧತಿ ಬಹುಕಾಲ ಉಳಿಯಿತು. 1954ರಲ್ಲಿ ಜಮ್‌ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಬರತೊಡಗಿದವು. ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಹೊರಡುವಾಗ ಬರಿಯ ಚಾಸಿಗಳಾಗಿರುತ್ತಿದ್ದವು. ತಲೆಗೆ ಬಟ್ಟೆ ಸುತ್ತಿಕೊಂಡ ಚಾಲಕರು ಗಾಳಿ ಬಿಸಿಲಿಗೆ ಮೈಯೊಡ್ಡಿ ಅವನ್ನು ನೂರಾರು ಮೈಲಿ ಓಡಿಸಿಕೊಂಡು ಹೋಗುವ ದೃಶ್ಯ ನಮ್ಮ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿತ್ತು. ಊರು ತಲುಪಿದ ಚಾಸಿಗೆ ಬಡಗಿ ಮರದ ಬಾಡಿ ಕಟ್ಟುತ್ತಿದ್ದ, ಕಮ್ಮಾರ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದ, ಪೇಂಟರ್ ಬಣ್ಣ ಬಳಿದು ದೇವರ ಹೆಸರು ಬರೆಯುತ್ತಿದ್ದ. ಒಂದು ಲಾರಿ ರಸ್ತೆಗಿಳಿಯುವುದರೊಳಗೆ ನಾಲ್ಕಾರು ಮನೆಗಳಿಗೆ ಕೂಲಿ ಸಿಗುತ್ತಿತ್ತು.

ಬಸ್ಸಿನ ಕಥೆಯೂ ಇದೇ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನಕ್ಕೆಂದು ಹುಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೇ ಮಹಾಯುದ್ಧದ ನಂತರ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ರಾಜ್ಯದ ಸಾರಿಗೆ ಸಂಸ್ಥೆಗಳು ಚಾಸಿ ಕೊಂಡು ತಮ್ಮದೇ ಕಾರ್ಯಾಗಾರಗಳಲ್ಲಿ ಬಾಡಿ ಕಟ್ಟಿದವು.

ಇಳಿಸುವ ಬಗೆ

ಚಾಸಿ ಎಂದರೆ ಏಣಿಯನ್ನು ಮಲಗಿಸಿದಂಥ ರಚನೆ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಹಳ್ಳದಿಣ್ಣೆಯ ರಸ್ತೆಯಲ್ಲಿ ಈ ಏಣಿ ತುಸು ತಿರುಚಿಕೊಳ್ಳುತ್ತದೆ. ಕ್ಯಾಬಿನ್ನೂ ಬಾಡಿಯೂ ಒಂದೇ ತಗಡಿನಲ್ಲಿದ್ದರೆ ಆ ತಿರುಚಿಗೆ ಬಿರುಕು ಬಿಡುವ ಸಂಭವವಿತ್ತು. ಸಂದು ಇರುವುದರಿಂದ ಎರಡೂ ತಮ್ಮಷ್ಟಕ್ಕೆ ಅಲುಗಾಡಿ ಉಳಿದುಕೊಳ್ಳುತ್ತವೆ.

ಪಿಕಪ್ಪಿನ ಬಾಡಿಯನ್ನು ಚಾಸಿಗೆ ಹಿಡಿದಿಟ್ಟಿರುವುದು ಕೆಲವೇ ಬೋಲ್ಟುಗಳು. ಇಳಿಸುವ ಮುನ್ನ ಬ್ಯಾಟರಿಯ ತಂತಿ ತೆಗೆಯಬೇಕು, ಹಿಂದಿನ ದೀಪಗಳ ವೈರನ್ನು ಬಿಡಿಸಬೇಕು. ಡೀಸೆಲ್ ತುಂಬುವ ಕೊಳವೆ ಬಾಡಿಗೆ ಅಂಟಿಕೊಂಡಿದ್ದರೆ ಅದನ್ನೂ ಕಳಚಬೇಕು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾಯಬೇಕು. ಅವಸರ ಮಾಡಿದರೆ ಬೋಲ್ಟಿನ ತಲೆ ಮುರಿಯುತ್ತದೆ. ನಂತರ ನಾಲ್ಕು ಮೂಲೆಗೂ ಸಮನಾಗಿ ಭಾರ ಬೀಳುವಂತೆ ಚೈನ್ ಪುಲ್ಲಿ ಕಟ್ಟಿ ಎತ್ತಿ, ವಾಹನವನ್ನು ಮುಂದಕ್ಕೆ ತಳ್ಳಿ, ಬಾಡಿಯನ್ನು ಗಟ್ಟಿ ಆಸರೆಯ ಮೇಲೆ ಇಳಿಸುತ್ತಾರೆ. ಎತ್ತಿದ ಬಾಡಿಯ ಕೆಳಗೆ ಯಾರೂ ನುಸುಳಬಾರದೆಂಬುದು ಈ ಕೆಲಸದ ಮೊದಲ ಪಾಠ.

ಇಷ್ಟೆಲ್ಲ ತಾಪತ್ರಯ ಏಕೆ? ಬಾಡಿಯ ಅಡಿಯಲ್ಲಿ ನೀರು, ಕೆಸರು, ಗೊಬ್ಬರ ಸೇರಿ ಚಾಸಿಯನ್ನು ತಿನ್ನುತ್ತಿರುತ್ತವೆ. ಮೇಲೆ ಹೊಸ ಬಣ್ಣ ಮಿಂಚುತ್ತಿದ್ದರೂ ಕೆಳಗಿನ ತೊಲೆ ಟೊಳ್ಳಾಗಿರಬಹುದು. ಹಳೆಯ ವಾಹನ ಕೊಳ್ಳುವ ರೈತನಿಗೆ ಬಾಡಿಯ ಚೆಂದಕ್ಕಿಂತ ಅದರ ಅಡಿಯ ಸತ್ಯ ಮುಖ್ಯ. ತುಂಬಿದ ಹೊರೆಯ ಕೆಳಗೆ ತೊಲೆ ಕೈಕೊಟ್ಟರೆ ಹೋಗುವುದು ಹಣವೊಂದೇ ಅಲ್ಲ, ಪ್ರಾಣವೂ.

ಹೊರೆ ನಿಂತ ದಿನಗಳು

ಬಾಡಿಯನ್ನು ಕಳಚದೆಯೇ ಎತ್ತುವ ಉಪಾಯವೂ ಉಂಟು. ಅದೇ ಟಿಪ್ಪರ್. ಎಂಜಿನ್ನಿನ ಶಕ್ತಿಯಿಂದ ನಡೆಯುವ ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ದಂಡ ಮೇಲೇರಿ ಬಾಡಿಯ ಮುಂಭಾಗ ಎದ್ದು ಸರಕು ಹಿಂದಕ್ಕೆ ಸುರಿಯುತ್ತದೆ. ಬಳ್ಳಾರಿ ಜಿಲ್ಲೆಯ ಅದಿರಿನ ಭರಾಟೆಯಲ್ಲಿ ಟಿಪ್ಪರುಗಳ ಸಂಖ್ಯೆ ಏರಿತು. ಮಿತಿಮೀರಿದ ಹೊರೆಗೆ ರಸ್ತೆಗಳೂ ಚಾಸಿಗಳೂ ನಲುಗಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಮರುತಿಂಗಳು ಆ ತಡೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅನ್ವಯವಾಯಿತು. ಅದಿರು ಸಾಗಿಸುತ್ತಿದ್ದ ಲಾರಿಗಳು ನಿಂತಲ್ಲೇ ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅದಿರಿಲ್ಲದಿದ್ದರೆ ಬಾಡಿ ಬದಲಿಸಿ ಬೇರೆ ಸರಕು ಹೊರಬಹುದಲ್ಲ ಎಂದು ಕೇಳಬಹುದು. ಬಂಡಿಯ ಕಾಲದಲ್ಲಿ ಅದು ಒಡೆಯನ ಇಷ್ಟ. ಈಗ ಕಾನೂನಿನ ಅನುಮತಿ ಬೇಕು. ವಾಹನದ ಗುರುತು ಇರುವುದು ಚಾಸಿಯ ಮೇಲೆ ಕೊರೆದ ಸಂಖ್ಯೆಯಲ್ಲಿ. ಆದರೆ ನೋಂದಣಿ ಪುಸ್ತಕದಲ್ಲಿ ಬಾಡಿಯ ಬಗೆ, ಖಾಲಿ ವಾಹನದ ತೂಕವೂ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ರಿಪೇರಿಗೆಂದು ಬಾಡಿ ಇಳಿಸಿ ಅದನ್ನೇ ಮತ್ತೆ ಕೂರಿಸುವುದು ಒಂದು, ಬೇರೆಯದನ್ನು ಕೂರಿಸುವುದು ಮತ್ತೊಂದು. ಅನುಮತಿಯಿಲ್ಲದೆ ಬದಲಿಸಿದ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ತಕರಾರು ಏಳಬಹುದು.

ಕಟ್ಟುನಿಟ್ಟಿಗೆ ಕಾರಣವಿಲ್ಲದಿಲ್ಲ. ಅಳತೆಯಿಲ್ಲದೆ ಕಟ್ಟಿದ ಬಾಡಿಗಳು ರಸ್ತೆಯಲ್ಲಿ ಜೀವ ತೆಗೆದಿವೆ. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಹಳ್ಳಿಗೂ ಹಬ್ಬಿದ ಸಣ್ಣ ಸರಕು ವಾಹನಗಳು ಬಹುಪಾಲು ಕಾರ್ಖಾನೆಯಲ್ಲೇ ಬಾಡಿ ಹೊತ್ತು ಬರುತ್ತವೆ. ಊರ ಬಡಗಿಗೆ ಅಲ್ಲಿ ಕೆಲಸವಿಲ್ಲ. ಉಳಿದಿರುವುದು ತುಕ್ಕು ಕೆರೆಯುವ, ತಗಡು ಬೆಸೆಯುವ, ಬಣ್ಣ ಬಳಿಯುವ ಕೆಲಸ.

ಹಾಗಿದ್ದರೂ ಆ ನಾಲ್ಕಾರು ಬೋಲ್ಟು ಬಿಚ್ಚಿ ಬಾಡಿಯನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಗಾಲಿ, ಅಚ್ಚು ಮತ್ತು ಅವುಗಳ ಮೇಲಿನ ಎರಡು ತೊಲೆ. ಎತ್ತಿನ ಜಾಗದಲ್ಲಿ ಎಂಜಿನ್ ಇದೆ, ಅಷ್ಟೇ. ಬಂಡಿಯ ಕೆಲಸ ಬಲ್ಲ ಹಿರಿಯರಿಗೆ ಅದರ ಗುರುತು ಹತ್ತಲು ಹೆಚ್ಚು ಹೊತ್ತು ಬೇಕಾಗದು.