ಗಾಥಿಕ್ ಪೀಠೋಪಕರಣದ ಚೌಕಟ್ಟು ಮತ್ತು ಮಲೆನಾಡಿನ ಮರಗೆಲಸ

ಗಾಥಿಕ್ ಪೀಠೋಪಕರಣದ ಚರ್ಚೆ ಸಾಮಾನ್ಯವಾಗಿ ಚೂಪುಕಮಾನು, ಮೂರೆಸಳಿನ ಕೆತ್ತನೆಗಳಲ್ಲೇ ಮುಗಿಯುತ್ತದೆ. ಆ ಶೈಲಿಯ ದೊಡ್ಡ ಸಾಧನೆ ಇರುವುದು ಜೋಡಣೆಯಲ್ಲಿ ಎಂಬುದು ಈ ಲೇಖನದ ವಾದ. ತುಂಗೆಯ ದಡದ ಮಂಡಗದ್ದೆಯಂಥ ಕಾಡಿನ ನಡುವಿನ ಊರಿನಿಂದ ನೋಡಿದರೆ ಇದು ಬೇಗ ಮನವರಿಕೆಯಾಗುತ್ತದೆ. ಮಳೆಗಾಲದಲ್ಲಿ ಬಿಗಿದುಕೊಂಡು ಬೇಸಿಗೆಯಲ್ಲಿ ಸಡಿಲಾಗುವ ಬಾಗಿಲು ಇಲ್ಲಿ ಎಲ್ಲರಿಗೂ ಗೊತ್ತು.

ಮರ ಉದ್ದಕ್ಕೆ ಹೆಚ್ಚು ಬದಲಾಗದು, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಹಸಿಮರ ಪೂರ್ತಿ ಒಣಗುವಾಗ ಯೂರೋಪಿನ ಓಕ್ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ. 8–9ರಷ್ಟು ಕುಗ್ಗುತ್ತದೆ, ತೇಗ ಶೇ. 5–6ರಷ್ಟು. ಮಧ್ಯಯುಗದ ಹಳೆಯ ಪೆಟ್ಟಿಗೆಗಳಲ್ಲಿ ದಪ್ಪ ಹಲಗೆಗಳನ್ನು ಮೊಳೆ, ಕಬ್ಬಿಣದ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಕುಗ್ಗಲು ಎಡೆ ಸಿಗದ ಹಲಗೆ ಸೀಳುತ್ತಿತ್ತು. 15ನೇ ಶತಮಾನದಲ್ಲಿ ವ್ಯಾಪಕವಾದ ಚೌಕಟ್ಟಿನ ಕ್ರಮ ಇದಕ್ಕೆ ಪರಿಹಾರ ಕೊಟ್ಟಿತು. ಒಂದು ಪಟ್ಟಿಯ ತುದಿಯನ್ನು ನಾಲಗೆಯಂತೆ ಇಳಿಸಿ, ಇನ್ನೊಂದರ ಕಿಂಡಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದರು. ಒಳಅಂಚಿಗೆ ತೋಡು ಕೊರೆದು ತೆಳು ಹಲಗೆಯನ್ನು ಅಂಟಿಲ್ಲದೆ ಅದರಲ್ಲಿ ನಿಲ್ಲಿಸಿದರು. ಚೌಕಟ್ಟು ಅಳತೆ ಕಾಯಿತು, ಹಲಗೆ ಋತುವಿಗೆ ತಕ್ಕಂತೆ ಒಳಗೇ ಸರಿದಾಡಿತು. ಮಡಿಕೆ ಬಟ್ಟೆಯನ್ನು ಹೋಲುವ ಪ್ರಸಿದ್ಧ ಕೆತ್ತನೆ ಮೂಡಿದ್ದು ಇಂಥ ಹಲಗೆಗಳ ಮೇಲೆಯೇ.

ಕಮಾನಿನ ಕಥೆ ಬೇರೆ. ಅದು ಕಲ್ಲಿನಿಂದ ಮರಕ್ಕೆ ಬಂದ ರೂಪ. ಸುಮಾರು 1300ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನಿಗಾಗಿ ಮಾಡಿದ ಓಕ್ ಪಟ್ಟಾಭಿಷೇಕದ ಕುರ್ಚಿಯ ಬೆನ್ನು ಚರ್ಚಿನ ಕಿಟಕಿಯನ್ನು ನೆನಪಿಸುತ್ತದೆ. ಬಳುಕುವ ರೇಖೆ ಮರದ ಎಳೆಯನ್ನು ಅಡ್ಡ ಕತ್ತರಿಸಿದಲ್ಲಿ ಸಪೂರ ಭಾಗ ಮುರಿಯುತ್ತದೆ. ಬಡಗಿ ಎಳೆ ನೋಡಿಯೇ ಉಳಿ ಹಿಡಿಯಬೇಕು. 1835ರಲ್ಲಿ ಗಾಥಿಕ್ ಪೀಠೋಪಕರಣದ ವಿನ್ಯಾಸಗಳನ್ನು ಪ್ರಕಟಿಸಿದ ಇಂಗ್ಲೆಂಡಿನ ಪ್ಯೂಗಿನ್, ಮುಂದೆ ಜೋಡಣೆಯನ್ನು ಮುಚ್ಚಿಡದೆ ಕಾಣುವಂತೆ ಬಿಡಬೇಕೆಂದು ವಾದಿಸಿದ. ಅವನ ಅಲಂಕಾರಕ್ಕಿಂತ ಈ ಹಟ ನನಗೆ ಮುಖ್ಯವೆನಿಸುತ್ತದೆ.

ಮಲೆನಾಡಿಗೆ ಮರಗೆಲಸದ ತನ್ನದೇ ಪರಂಪರೆಯಿದೆ. ಸಾಗರ, ಸೊರಬಗಳ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ, ಹೂ, ದೇವತೆಗಳನ್ನು ಬಿಡಿಸುತ್ತ ಬಂದವರು. ಕೆಳದಿಯ ಪಾರ್ವತಿ ಗುಡಿಯಲ್ಲಿ ಮರದ ಕೆತ್ತನೆಯ ಮೇಲ್ಛಾವಣಿಯಿದೆ. ಇವಕ್ಕೂ ಗಾಥಿಕ್‌ಗೂ ನೇರ ನಂಟು ಹುಡುಕುವುದು ಅನಗತ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ತೀರ್ಥಹಳ್ಳಿ ಸೀಮೆಯ ಬಡಗಿಯೂ ಯೂರೋಪಿನ ಫ್ಲಾಂಡರ್ಸ್ ಸೀಮೆಯ ಗಾಥಿಕ್ ಬಡಗಿಯೂ ಎದುರಿಸಿದ್ದು ತೇವದ ಒಂದೇ ಪ್ರಶ್ನೆಯನ್ನು. ಆದ್ದರಿಂದ ಗಾಥಿಕ್ ಎಂದು ಹೆಸರಿಟ್ಟ ಬೀರು ಪರೀಕ್ಷೆಗೆ ಬಂದಾಗ ಮೊದಲು ಹಿಂಬದಿ ನೋಡಬೇಕು: ಹಲಗೆ ತೋಡಿನಲ್ಲಿ ಸರಿಯುತ್ತದೆಯೇ, ಮೂಲೆಯಲ್ಲಿ ಗೂಟವಿದೆಯೇ, ಕಮಾನು ಇಡೀ ಮರದಲ್ಲಿ ಕೆತ್ತಿದ್ದೋ ಮೇಲೆ ಅಂಟಿಸಿದ್ದೋ.