ಸಿನಿಮಾ ಹತ್ತಿದ ಮಾದಪ್ಪನ ಪದ

ಮಲೆ ಮಾದಪ್ಪನ ಬೆಟ್ಟ ಈಗ ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ನಮ್ಮ ಅವಿನಾಶಿ ತಮಿಳುನಾಡಿನ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಆದರೆ 1956ರ ತನಕ ಎರಡೂ ಒಂದೇ ಕೋಯಮತ್ತೂರು ಜಿಲ್ಲೆಯೊಳಗೆ ಇದ್ದವು. ಆ ವರ್ಷ ನವೆಂಬರ್ 1ರಂದು ಬೆಟ್ಟ ಇರುವ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ಗಡಿ ಬಿದ್ದರೂ ಮಾದಪ್ಪನಿಗೆ ನಡೆದುಕೊಳ್ಳೋ ಒಕ್ಕಲು ಎರಡು ಕಡೆಗೂ ಉಂಟು.

ಮಾದಪ್ಪನ ಕಥೆ ಹಾಡೋರು ದೇವರಗುಡ್ಡರು. ಅವರ ವಾದ್ಯ ಕಂಸಾಳೆ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚು, ಇನ್ನೊಂದು ಕೈಯಲ್ಲಿ ಕುಚ್ಚು ಕಟ್ಟಿದ ತಾಳ. ಕಥೆಯನ್ನು ಸಾಲು ಸಾಲಾಗಿ ರಾತ್ರಿಯೆಲ್ಲ ಹಾಡ್ತಾರೆ. ಅದರಲ್ಲಿ ಸಂಕವ್ವನ ಸಾಲು ಅಂತ ಒಂದಿದೆ. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೊಡು ಅಂತಾನೆ. ತಪ್ಪೇ ಮಾಡದ ನಾನು ಯಾಕೆ ಭಾಷೆ ಕೊಡಲಿ ಅಂತಾಳೆ ಸಂಕವ್ವ. ಅವನು ಹಿಂಸೆ ಕೊಟ್ಟು ಹೋಗ್ತಾನೆ. ಆಗ ಮಾದಪ್ಪ ಜಂಗಮನಾಗಿ ಅವಳ ಬಾಗಿಲಿಗೆ ಭಿಕ್ಷೆಗೆ ಬಂದು, ಕಡೆಗೆ ಮಕ್ಕಳ ಫಲ ಕೊಡ್ತಾನೆ. ಹಂಗೆ ಹುಟ್ಟಿದೋರು ಕಾರಯ್ಯ, ಬಿಲ್ಲಯ್ಯ.

ಈ ಸಾಲಿನ ‘ಕೋಲುಮಂಡೆ ಜಂಗಮದೇವ’ ಪದ 1996ರಲ್ಲಿ ‘ಜನುಮದ ಜೋಡಿ’ ಸಿನಿಮಾ ಹತ್ತಿತು. ನಿರ್ದೇಶಕರು ಟಿ.ಎಸ್. ನಾಗಾಭರಣ, ಸಂಗೀತ ವಿ. ಮನೋಹರ್, ನಾಯಕ ಶಿವರಾಜ್‌ಕುಮಾರ್. ಹಾಡಿದೋರು ಎಲ್.ಎನ್. ಶಾಸ್ತ್ರಿ. ಅವರಿಗೆ ಈ ಹಾಡಿಗೇ ರಾಜ್ಯ ಪ್ರಶಸ್ತಿ ಬಂತು. ಬೆಟ್ಟದ ದಾರಿಯನ್ನೇ ನೋಡದ ಜನರ ಮನೆಗೂ ಕ್ಯಾಸೆಟ್ಟಿನಲ್ಲಿ ಜಂಗಮದೇವ ಹೋದ. ಎಷ್ಟು ಗುಡ್ಡರು ಎಷ್ಟು ಊರು ತಿರುಗಿದ್ದರೆ ಅಷ್ಟು ಕಿವಿಗೆ ಮುಟ್ಟುತ್ತಿತ್ತು!

ಇದು ನಮ್ಮ ಪದಕ್ಕೆ ಮಾತ್ರ ಆದದ್ದಲ್ಲ. ಸಮುದ್ರದಾಚೆ ಜಮೈಕಾ ಎಂಬ ದ್ವೀಪ ಇದೆ. ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ತೋಟದಲ್ಲಿ ಗುಲಾಮರಾಗಿ ದುಡಿಸಿದ ಜನರ ಸಂತತಿ ಅಲ್ಲಿ ಹೆಚ್ಚು. ಅಲ್ಲಿನ ಬಡವರ ಕೇರಿಗಳಲ್ಲಿ ಬೆಳೆದ ಹಾಡಿಗೆ ರೆಗ್ಗೆ ಅಂತಾರೆ. 1972ರಲ್ಲಿ ಪೆರ್ರಿ ಹೆನ್ಜೆಲ್ ಎಂಬವರು ‘ದ ಹಾರ್ಡರ್ ದೇ ಕಮ್’ ಎಂಬ ಸಿನಿಮಾ ತೆಗೆದರು. ನಾಯಕ ಜಿಮ್ಮಿ ಕ್ಲಿಫ್ ತಾನೇ ಹಾಡುಗಾರ. ಸಿನಿಮಾ ಕಾಣದ ಊರಿಗೂ ಅದರ ಹಾಡಿನ ಪ್ಲೇಟು ಹೋಯಿತು. ಅಮೆರಿಕ, ಇಂಗ್ಲೆಂಡಿನ ಎಷ್ಟೋ ಜನ ರೆಗ್ಗೆಯನ್ನು ಮೊದಲು ಕೇಳಿದ್ದು ಅದರಲ್ಲೇ.

ಆ ಸಿನಿಮಾದ ಕಥೆ ಹಾಡುಗಾರರೆಲ್ಲ ತಿಳಿಯಬೇಕಾದ್ದು. ಹಳ್ಳಿ ಹುಡುಗ ಪಟ್ಟಣಕ್ಕೆ ಬಂದು ಒಂದು ಹಾಡು ಹಾಡ್ತಾನೆ. ಪ್ಲೇಟು ಮಾಡೋ ಧಣಿ ಅವನ ಕೈಗೆ ಇಪ್ಪತ್ತು ಡಾಲರ್ ಇಟ್ಟು ಹಾಡನ್ನು ತನ್ನದು ಮಾಡಿಕೊಳ್ತಾನೆ. ಹಾಡು ಊರೆಲ್ಲ ಮೆರೆಯುತ್ತೆ, ಹಾಡಿದೋನು ಪೊಲೀಸರ ಗುಂಡಿಗೆ ಬೀಳ್ತಾನೆ.

ನಮ್ಮಲ್ಲಿ ಹೋದದ್ದು ಬೇರೆ. ಪದ ಉಳಿಯಿತು, ಅದರ ಹಿಂದಿನ ಕಥೆ ಕಳಚಿತು. ಹಬ್ಬದಲ್ಲಿ ನಾನು ಈ ಪದ ಎತ್ತಿದರೆ ಹುಡುಗರು, “ತಾತಾ, ಇದು ಶಿವಣ್ಣನ ಹಾಡಲ್ವಾ?” ಅಂತಾರೆ. ಅದಕ್ಕೆ ನನಗೆ ಸಿಟ್ಟಿಲ್ಲ. ಸಿನಿಮಾ ಇಲ್ಲದಿದ್ದರೆ ಆ ಹುಡುಗರು ಅಷ್ಟೂ ಕೇಳ್ತಿರಲಿಲ್ಲ. ಆದರೆ 2020ರಲ್ಲಿ ಇದೇ ಪದವನ್ನು ರ್‍ಯಾಪ್ ಮಾಡಿ ವಿಡಿಯೋ ಬಿಟ್ಟಾಗ, ಅದರಲ್ಲಿ ಸಂಕವ್ವನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ನೊಂದು ಗಲಾಟೆಯಾಯಿತು. ಕೊನೆಗೆ ವಿಡಿಯೋ ತೆಗೆದರು. ಅನುಮಾನದ ಗಂಡನಿಗೆ ಭಾಷೆ ಕೊಡಲ್ಲ ಅಂತ ಎದೆಗೊಟ್ಟು ನಿಂತ ಹೆಂಗಸು ಅವಳು. ಕಥೆ ತಿಳಿದಿದ್ದರೆ ಹಂಗೆ ಕುಣಿಸಲು ಕೈ ಬರ್ತಿತ್ತೇ?

ಮೇಷ್ಟ್ರುಗಳಿಗೆ ನನ್ನದೊಂದು ಮಾತು. ಮಕ್ಕಳು ಸಿನಿಮಾದ ಹಾಡು ಹಾಡಿದರೆ ಬೇಡ ಅನ್ನಬೇಡಿ. ಹಾಡಿ ಮುಗಿದ ಮೇಲೆ ಸಂಕವ್ವ ಯಾರು ಅಂತ ಕೇಳಿ. ಗೊತ್ತಿಲ್ಲ ಅಂದರೆ ಒಬ್ಬ ದೇವರಗುಡ್ಡನನ್ನು ಶಾಲೆಗೆ ಕರೆಸಿ. ಅವನಿಗೆ ಊಟವನ್ನೂ ಕೂಲಿಯನ್ನೂ ಕೊಡಿ.